ತಕ್ಕಡಿಯಪ್ಪನೂ ಮಾವನ ಕಾರಿನ ಹಿಂದಿನ ಚಕ್ರವೂ

ತಕ್ಕಡಿಯಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ತೂಕ ಮತ್ತು ಅಳತೆ ಕಚೇರಿಗೆ ಗುಮಾಸ್ತನಾಗಿ ಸೇರಿ, ಊರಿನ ಅಂಗಡಿಗಳ ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವುದರಲ್ಲೇ ಅರ್ಧ ತಲೆ ನರೆತ ಮೇಲೆ ಆ ಹೆಸರು ಸಂಬಳದ ಚೀಟಿಗೆ ಮಾತ್ರ ಬೇಕಾಯಿತು. ತೂಗದೆ ಅವನು ಏನನ್ನೂ ನಂಬುತ್ತಿರಲಿಲ್ಲ. ಹೆಂಡತಿ "ಯಾಕೋ ತಲೆ ಭಾರ ರೀ" ಎಂದಾಗ "ಎಷ್ಟು?" ಎಂದು ಕೇಳಿ, ಆ ದಿನ ಊಟವನ್ನು ತಾನೇ ಬಡಿಸಿಕೊಂಡವನು ಅವನು. ಇಷ್ಟೆಲ್ಲ ತೂಗುತ್ತಿದ್ದವನ ಮಾತಿಗೆ ಮಾತ್ರ ಮನೆಯಲ್ಲಾಗಲಿ, ಮಾವನ ಮನೆಯಲ್ಲಾಗಲಿ ತೂಕವೇ ಇರಲಿಲ್ಲ.

ಮಾವನವರು ಕಲ್ಲುಗಣಿಯಲ್ಲಿ ಮೇಲ್ವಿಚಾರಕರಾಗಿದ್ದವರು. ಗಣಿಯ ಜಾರುವ ದಾರಿಯಲ್ಲಿ ಓಡಾಡಲೆಂದೇ ಹುಡುಕಿ ತೆಗೆದುಕೊಂಡ ಉದ್ದ ಮೂತಿಯ ಹಸಿರು ಕಾರೊಂದು ಅವರಲ್ಲಿತ್ತು. ಹೆಣ್ಣುಮಕ್ಕಳಿಬ್ಬರು, ಅಳಿಯಂದಿರಿಬ್ಬರು, ಕಾರು ಒಂದೇ. ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟಾಗ ಅವರು ಕೀಲಿಕೈಯನ್ನು ಕಿರಿಯ ಅಳಿಯ ತಕ್ಕಡಿಯಪ್ಪನ ಕೈಗಿಟ್ಟು, "ಚೆನ್ನಾಗಿ ನೋಡ್ಕೊಂಡ್ರೆ ನಿಮ್ದು. ಇಲ್ದಿದ್ರೆ ದೊಡ್ಡಳಿಯಂದ್ರಿಗೆ" ಎಂದಿದ್ದರು. ತಕ್ಕಡಿಯಪ್ಪ ಅದನ್ನು ಮಗುವಿನ ಹಾಗೆ ನೋಡಿಕೊಂಡ. ನಿಜ ಹೇಳಬೇಕೆಂದರೆ, ಆ ಮನೆತನದಲ್ಲಿ ಯಾರಾದರೂ ಅವನನ್ನು ನಂಬಿ ಕೊಟ್ಟದ್ದು ಅದೊಂದೇ. ಅದು ಕೈತಪ್ಪಿದರೆ ಅವನಿಗೆ ಕಾರು ಹೋಗುವ ಚಿಂತೆಗಿಂತ ಹೆಚ್ಚಾಗಿ ಮುಖ ಎತ್ತಿ ಆ ಮನೆಯ ಮೆಟ್ಟಿಲು ಹತ್ತುವುದು ಹೇಗೆಂಬ ಚಿಂತೆ.

ಹೀಗಿರುವಾಗ ಕಾರು ಗೊಣಗಲು ಶುರುಮಾಡಿತು. ನೇರ ಹೋದರೆ ಮೌನ. ನಿಧಾನವಾಗಿ ತಿರುವು ತೆಗೆದರೆ ಸಾಕು, ಹಿಂದಿನಿಂದ ಗರ್, ಗರ್, ಕಟಕಟ. ಮಾವನ ಮನೆಯ ಗೇಟಿನೊಳಗೆ ತಿರುಗಿಸುವಾಗ ಅದು ಎಲ್ಲರಿಗೂ ಕೇಳಿಸಿತು. ಊಟಕ್ಕೆ ಕೂತಾಗ ಷಡ್ಡಕ, ಎಂದರೆ ದೊಡ್ಡಳಿಯ, ತೀರ್ಪು ಕೊಟ್ಟ. ಅವನು ಸೋಫಾ ಮಾರುವ ಶೋರೂಮಿನ ಮ್ಯಾನೇಜರು. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ವಿಷಯ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ.

"ಅದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲು" ಎಂದ, ತುತ್ತನ್ನು ಒಂದು ದವಡೆಗೆ ತಳ್ಳಿ. "ಒಳಗಿನ ಪ್ಲೇಟೆಲ್ಲ ಸವೆದು ಹೋಗಿದೆ. ಮುಗೀತು. ನೋಡ್ಕೊಳ್ಳೋರು ಸರಿಯಾಗಿ ನೋಡ್ಕೋಬೇಕಿತ್ತು ಅಷ್ಟೆ."

ಅಷ್ಟುದ್ದದ ಹೆಸರನ್ನು ಅನ್ನ ಗಂಟಲಿಗೆ ಸಿಕ್ಕಿಕೊಳ್ಳದಂತೆ ಹೇಳಿದವನ ಮಾತು ಸುಳ್ಳಾಗುವುದುಂಟೆ? ಎಲ್ಲರೂ ತಲೆ ಅಲ್ಲಾಡಿಸಿದರು. ತಕ್ಕಡಿಯಪ್ಪನ ಬಾಯಿಂದ ಮಾತ್ರ ಅಭ್ಯಾಸಬಲದಿಂದ ಒಂದು ಪ್ರಶ್ನೆ ಜಾರಿತು.

"ಸವೆದಿದೆ ಅಂತ ತೂಗಿ ನೋಡಿದ್ರಾ ಭಾವ?"

ಅತ್ತೆಯ ಕೈಲಿದ್ದ ಸೌಟು ನಿಂತಿತು. ಷಡ್ಡಕ ನಕ್ಕ ನಗುವಿಗೆ ಲೋಟದ ನೀರು ಚೆಲ್ಲಿತು. "ಕಾರನ್ನ ತೂಗೋದಾ!"

"ಹೌದು" ಎಂದುಬಿಟ್ಟ ತಕ್ಕಡಿಯಪ್ಪ, ಸಿಟ್ಟಿನ ಭರದಲ್ಲಿ. "ತೂಗಿ ತೋರಿಸ್ತೀನಿ."

ಮಾವನವರು ಕೈ ತೊಳೆಯಲು ಎದ್ದರು. "ಆಗಲಿ. ಭಾನುವಾರ ಸಂಜೆ ನಾವೇ ಬರ್ತೀವಿ. ಸವೆದಿದ್ರೆ ಕಾರು ದೊಡ್ಡಳಿಯಂದ್ರ ಮನೆಗೆ."

ಹೇಳುವುದೇನೋ ಹೇಳಿಯಾಯಿತು. ಕಾರಿನ ಹಿಂಭಾಗದಲ್ಲಿ ಏನನ್ನು ತೂಗಬೇಕು ಎಂಬುದು ತಕ್ಕಡಿಯಪ್ಪನಿಗೆ ಹೇಗೆ ಗೊತ್ತಿರಬೇಕು? ಮರುದಿನ ಗ್ಯಾರೇಜಿನ ಅಕ್ಕನ ಬಳಿ ಓಡಿದ. ಆಕೆ ಮಹಾ ಬಾಯಿಬಡುಕಿ. ಕಾರಿನ ಕೆಳಗೆ ಮಲಗಿದ್ದಾಗಲೂ ಮೇಲಿನವರಿಗೆ ಬೈಯುವವಳು.

"ನೋಡಿ ಸಾರ್" ಎಂದಳು, ಎರಡು ಮುಷ್ಟಿಗಳನ್ನು ಚಕ್ರ ಮಾಡಿ ಹಿಡಿದು. "ಮಾಮೂಲಿ ಗಾಡೀಲಿ ಒಂದು ಚಕ್ರ ಕೆಸರಲ್ಲಿ ಜಾರಿದ್ರೆ ಇಂಜಿನ್ ಶಕ್ತಿಯೆಲ್ಲ ಅದಕ್ಕೇ ಹೋಗುತ್ತೆ. ಅದು ಗಿರಗಿರ ತಿರುಗ್ತಾ ಇರುತ್ತೆ, ಗಾಡಿ ನಿಂತಲ್ಲೇ ನಿಂತಿರುತ್ತೆ. ನಿಮ್ಮದರಲ್ಲಿ ಒಳಗೆ ಪ್ಲೇಟುಗಳಿವೆ. ಎರಡು ಚಕ್ರಾನೂ ಬಿಗಿಯಾಗಿ ಹಿಡ್ಕೊಂಡಿರ್ತವೆ. ಒಂದು ಜಾರಿದ್ರೆ ಇನ್ನೊಂದು ತಳ್ಳುತ್ತೆ. ಪ್ಲೇಟ್ ಸವೆದ್ರೆ ಆ ಹಿಡಿತ ಹೋಗುತ್ತೆ."

"ಅದು ಸವೆದಿದೆಯೋ ಇಲ್ವೋ ಗೊತ್ತಾಗೋದು ಹೇಗೆ?"

"ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಅದನ್ನ ತಿರುಗಿಸಿ ನೋಡ್ಬೇಕು. ಸವೆದಿದ್ರೆ ಒಂದು ಬೆರಳಿಗೆ ತಿರುಗುತ್ತೆ. ಗಟ್ಟಿ ಇದ್ರೆ, ಒಂದು ಮೀಟರ್ ಉದ್ದದ ಪಟ್ಟಿ ಕಟ್ಟಿ ತುದೀಲಿ ಐದು ಕೇಜಿ ನೇತುಹಾಕಿದ್ರೂ ಅಲ್ಲಾಡಬಾರದು. ಆದ್ರೆ ಅದಕ್ಕೂ ಮೊದ್ಲು ನೀವು ಒಂದು…"

ಮುಂದಿನದನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಉದ್ದ! ತೂಕ! ಇದು ತಕ್ಕಡಿಯಲ್ಲದೆ ಮತ್ತೇನು? ಚಕ್ರದ ನಡುವೇ ಮುಳ್ಳು, ಪಟ್ಟಿಯೇ ದಂಡ. ಜಗತ್ತಿನ ಸಕಲ ಯಂತ್ರಗಳೂ ತನ್ನ ಕಚೇರಿಯ ಕೈಕೆಳಗೆ ಬರುತ್ತವೆ ಎಂದು ತಕ್ಕಡಿಯಪ್ಪನಿಗೆ ಅಂದೇ ಅರಿವಾದದ್ದು. ಆಕೆ ಹೇಳಿ ಮುಗಿಸುವ ಹೊತ್ತಿಗೆ ಅವನು ಬೀದಿಯ ಕೊನೆ ಮುಟ್ಟಿದ್ದ.

ಭಾನುವಾರ ಬೆಳಿಗ್ಗೆ ಮನೆ ಮುಂದೆ ಶಾಸ್ತ್ರೋಕ್ತವಾಗಿ ಕಾರ್ಯ ಆರಂಭವಾಯಿತು. ಮುಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿಟ್ಟು, ಗೇರನ್ನು ನ್ಯೂಟ್ರಲ್ ಮಾಡಿ, ಹಿಂದಿನ ಎಡಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಚಕ್ರ ಬಿಚ್ಚಿ, ಆ ಜಾಗದ ಬೋಲ್ಟುಗಳಿಗೆ ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಅಡ್ಡಡ್ಡವಾಗಿ ಬಿಗಿದ. ಆಮೇಲೆ ಪಕ್ಕದಲ್ಲಿ ಒಂದು ಬಟ್ಟೆ ಹಾಸಿ ತೂಕದ ಕಲ್ಲುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ.

ಇದನ್ನು ಮೊದಲು ಕಂಡವರು ಎದುರು ಮನೆಯ ಟೀಚರಮ್ಮ. ತೂಕದ ಆಫೀಸಿನವನು, ಕಾರು, ತೂಕದ ಕಲ್ಲು. ಮೂರನ್ನೂ ಕೂಡಿಸಿದರೆ ಬರುವ ಉತ್ತರ ಒಂದೇ. "ಅಯ್ಯೋ, ಪಾಪ, ಕಾರನ್ನ ಗುಜರಿಗೆ ಹಾಕ್ತಿದ್ದಾರೆ. ತೂಕದಲ್ಲಿ ಮೋಸ ಆಗಬಾರದು ಅಂತ ಬಿಡಿಬಿಡಿಯಾಗಿ ತಾವೇ ತೂಗ್ತಿದ್ದಾರೆ" ಎಂದು ಪಕ್ಕದ ಮನೆಗೆ ಹೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬೀದಿ ಅದು. ಕಾಫಿ ಆರುವುದರೊಳಗೆ ಸುದ್ದಿ ನಾಲ್ಕು ಮನೆ ದಾಟಿತು. ಐದನೆಯ ಮನೆಯವರು ತಕ್ಕಡಿಯಪ್ಪನ ಅತ್ತೆಗೆ ಫೋನು ಮಾಡಿ ಸಂತಾಪ ಸೂಚಿಸಿದರು.

ಅಷ್ಟರಲ್ಲಿ ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದೇಬಿಟ್ಟ. ಹಿಂದೊಮ್ಮೆ ತಕ್ಕಡಿಯಪ್ಪನೇ ಅವನ ಕಳ್ಳ ತಕ್ಕಡಿಯನ್ನು ಹಿಡಿದಿದ್ದ.

"ಸಾರ್, ಈಗ ನನ್ನ ತಕ್ಕಡಿ ಸರಿಯಾಗಿದೆ, ದೇವರಾಣೆ. ನೀವ್ಯಾಕೆ ಕಷ್ಟಪಡ್ತೀರಿ? ನಾನೇ ತೂಗ್ತೀನಿ ಬಿಡಿ."

"ಏಯ್, ಇದು ಮಾರೋದಕ್ಕಲ್ಲಪ್ಪಾ! ಡಿಫರೆನ್ಷಿಯಲ್ ಪರೀಕ್ಷೆ!"

"ಅದನ್ನೂ ತಗೋತೀವಿ ಸಾರ್" ಎಂದು ಗುಜರಿಯವನು ನೆರಳು ನೋಡಿ ಕೂತ.

ಮನೆಯೊಳಗಿಂದ ಹೆಂಡತಿ ಬಂದಳು. ಅವಳು ಕಾರು ಕಲಿತದ್ದು ಇದೇ ಕಾರಿನಲ್ಲಿ. ಬೀದಿಯ ಜನ, ಕೈಗಾಡಿ, ಬಿಚ್ಚಿಟ್ಟ ಚಕ್ರ ನೋಡಿ ಅವಳ ಕಣ್ಣು ತುಂಬಿತು. "ರೀ, ಇದೆಲ್ಲ ಬೇಕಿತ್ತಾ ನಿಮಗೆ? ಅಪ್ಪ ಬಂದು ತಗೊಂಡು ಹೋಗಲಿ ಬಿಡಿ. ಬೀದೀಲಿ ನಗೆಪಾಟಲಾಗೋದಕ್ಕಿಂತ ಅದೇ ವಾಸಿ."

"ಒಂದೇ ಒಂದು ನಿಮಿಷ ಇರು" ಎಂದು ತಕ್ಕಡಿಯಪ್ಪ ಪಟ್ಟಿಯ ತುದಿಗೆ ಐದು ಕೇಜಿ ನೇತುಹಾಕಿದ.

ಅಲ್ಲಾಡಲಿಲ್ಲ.

ಹತ್ತು ಹಾಕಿದ. ಅಲ್ಲಾಡಲಿಲ್ಲ. ಕಲ್ಲುಗಳೆಲ್ಲ ಮುಗಿದವು. ಪಕ್ಕದ ಮನೆಯ ಜಿಮ್ ಪಟು ಓಡಿಹೋಗಿ ಡಂಬೆಲ್ಸ್ ತಂದ. ಟೀಚರಮ್ಮ ಹಳೆಯ ಪತ್ರಿಕೆಗಳ ಕಟ್ಟು ಕೊಟ್ಟರು. ಯಾವುದಕ್ಕೂ ಪಟ್ಟಿ ಜಪ್ಪಯ್ಯ ಅನ್ನಲಿಲ್ಲ. ಗುಜರಿಗೆ ಹೋಗುವ ಕಾರೆಂದು ಮರುಗುತ್ತಿದ್ದ ಜನ ಈಗ ಕಾರಿನ ಪಕ್ಷ ವಹಿಸಿದರು. ಕೊನೆಗೆ ಎಲ್ಲರ ಕಣ್ಣೂ ಮೂಲೆಯ ದಿನಸಿ ಅಂಗಡಿಯಣ್ಣನ ಮೇಲೆ ಬಿತ್ತು. ಬೀದಿಯ ಅತ್ಯಂತ ತೂಕದ ವ್ಯಕ್ತಿ ಆತನೇ. ಅಂಗಡಿಯಣ್ಣ ಮೊದಲು ನಾಚಿದ, ಆಮೇಲೆ ಕಲ್ಲು, ಡಂಬೆಲ್ಸು, ಪತ್ರಿಕೆಗಳನ್ನೆಲ್ಲ ಇಳಿಸಿ ಕೆಳಗಿಟ್ಟು, ಬಂದು ಪಟ್ಟಿಯ ತುದಿಯ ಮೇಲೆ ಬೆಂಚಿನ ಮೇಲೆ ಕೂತಂತೆ ಕೂತ.

ಅಲ್ಲಾಡಲಿಲ್ಲ!

ಚಪ್ಪಾಳೆ ಬಿತ್ತು. ಗುಜರಿಯವನೂ ಶಿಳ್ಳೆ ಹಾಕಿದ. ತಕ್ಕಡಿಯಪ್ಪ ಎರಡೂ ಕೈ ಮೇಲೆತ್ತಿ, "ನೋಡಿ! ಐದು ಕೇಜಿ ತಡೆದ್ರೆ ಸಾಕಿತ್ತು. ಅಂಗಡಿಯಣ್ಣನ್ನೇ ತಡೆದಿದೆ!" ಎಂದು ಕೂಗುತ್ತಿರುವಾಗಲೇ ಷಡ್ಡಕನ ಹೊಚ್ಚಹೊಸ ಬಿಳಿ ಕಾರು ಬಂದು ನಿಂತಿತು. ಅದರಿಂದ ಮಾವನವರು ಇಳಿದರು. ಸಂಜೆ ಬರಬೇಕಾದವರು ಫೋನಿನ ಸಂತಾಪ ಕೇಳಿ ಬೆಳಿಗ್ಗೆಯೇ ಬಂದಿದ್ದರು. ಹಿಂದೆ ಅತ್ತೆ, ಕರವಸ್ತ್ರ ಹಿಡಿದು.

"ಏನ್ರೀ ಇದು? ನಾನು ಬದುಕಿರುವಾಗಲೇ ನನ್ನ ಕಾರನ್ನ ಕೇಜಿ ಲೆಕ್ಕದಲ್ಲಿ ಮಾರ್ತಾ ಇದೀರಾ?"

"ಇಲ್ಲ ಮಾವ! ಡಿಫರೆನ್ಷಿಯಲ್ ಗಟ್ಟಿಯಾಗಿದೆ. ತೂಗಿ ತೋರಿಸ್ತೀನಿ ಅಂದಿದ್ನಲ್ಲ? ನೋಡಿ, ಅಂಗಡಿಯಣ್ಣ!"

ಅಂಗಡಿಯಣ್ಣ ಕೂತಲ್ಲಿಂದಲೇ ನಮಸ್ಕಾರ ಮಾಡಿದ. ಷಡ್ಡಕ ಮಾತ್ರ ಕಪ್ಪು ಕನ್ನಡಕ ತೆಗೆದು, ಕಾರಿನ ಒಳಗೆ ಬಗ್ಗಿ ನೋಡಿ, ಹಬ್ಬದೂಟಕ್ಕೆ ಕೂತವನಂತೆ ನಕ್ಕ.

"ಮಾವ, ಹ್ಯಾಂಡ್ ಬ್ರೇಕ್ ಎಳೆದೇ ಇದೆ! ಹ್ಯಾಂಡ್ ಬ್ರೇಕ್ ಎಳೆದ್ರೆ ಆನೆ ಕೂತ್ರೂ ಚಕ್ರ ತಿರುಗಲ್ಲ. ಇವರು ಇಷ್ಟು ಹೊತ್ತು ತೂಗಿದ್ದು ಡಿಫರೆನ್ಷಿಯಲ್ಲನ್ನಲ್ಲ, ಬ್ರೇಕನ್ನ!"

ಎಂದವನೇ ಎಲ್ಲರಿಗೂ ಕಾಣುವಂತೆ ಕೈ ಚಾಚಿ ಹ್ಯಾಂಡ್ ಬ್ರೇಕನ್ನು ಇಳಿಸಿಬಿಟ್ಟ. ಬ್ರೇಕಿನ ಜೊತೆಗೆ ಅಂಗಡಿಯಣ್ಣನೂ ಇಳಿದ. ಮೊಣಕಾಲೆತ್ತರದಿಂದ ಬಿದ್ದದ್ದು ಟೀಚರಮ್ಮನ ಪತ್ರಿಕೆಗಳ ಕಟ್ಟಿನ ಮೇಲಾದ್ದರಿಂದ ಪೆಟ್ಟಾಗಲಿಲ್ಲ. ಆದರೆ ಆ ಸದ್ದು ಇಡೀ ಬೀದಿಯ ನಗುವಿಗೆ ಬಾಗಿಲು ತೆಗೆಯಿತು.

ತಕ್ಕಡಿಯಪ್ಪ ಇಂಗು ತಿಂದ ಮಂಗನಂತೆ ನಿಂತ. ಅವನಿಗೆ ನಿಜವಾಗಿಯೂ ಅಳು ಬಂತು. ಮಾವನವರು ಕೀಲಿಕೈಗಾಗಿ ಕೈ ಮುಂದೆ ಮಾಡಿದರು. ಅವನ ಕೈ ಜೇಬಿನವರೆಗೂ ಹೋಯಿತು. ಗುಜರಿಯವನು ಎದ್ದು ಬಟ್ಟೆ ಕೊಡವಿಕೊಂಡ.

"ನೋಡಿದ್ರಲ್ಲ? ಹೋಯ್ತು ಅಂದ್ರೆ ಹೋಯ್ತು" ಎಂದ ಷಡ್ಡಕ. "ಪಟ್ಟಿ ಹೇಗೆ ಇಳೀತು!"

ಆಗಲೇ ತಕ್ಕಡಿಯಪ್ಪನೊಳಗಿನ ಗುಮಾಸ್ತ ಎಚ್ಚೆತ್ತದ್ದು. ಅಳಿಯನಾಗಿ ಅವನು ಎಷ್ಟು ಬೇಕಾದರೂ ಸೋಲುತ್ತಿದ್ದ. ಆದರೆ ತೂಕದಲ್ಲಿ ಒಬ್ಬ ಅಡ್ಡಾದಿಡ್ಡಿ ಮಾತಾಡಿದರೆ ಸುಮ್ಮನಿರುವುದು ಅವನ ಉದ್ಯೋಗಕ್ಕೇ ಅವಮಾನ.

"ಭಾವ, ಅಂಗಡಿಯಣ್ಣ ಕೂತ್ರೆ ಯಾವ ತಕ್ಕಡಿ ಇಳಿಯಲ್ಲ ಹೇಳಿ? ಎಷ್ಟಕ್ಕೆ ಇಳೀತು ಅನ್ನೋದು ಲೆಕ್ಕ. ಮಾವ, ಕೈ ಹಾಗೇ ಇರಲಿ. ಎರಡೇ ನಿಮಿಷ."

ಪಟ್ಟಿಯನ್ನು ಮತ್ತೆ ಅಡ್ಡಡ್ಡವಾಗಿ ಬಿಗಿದ. ಹ್ಯಾಂಡ್ ಬ್ರೇಕ್ ಇಳಿದಿದೆಯೇ ಎಂದು ಅತ್ತೆಯವರಿಂದಲೇ ಮುಟ್ಟಿಸಿ ನೋಡಿಸಿದ. "ಸವೆದಿದ್ರೆ ಒಂದು ಬೆರಳಿಗೆ ತಿರುಗಬೇಕು. ಭಾವ, ಒಂದು ಬೆರಳು ಕೊಡಿ."

ಷಡ್ಡಕ ಉಂಗುರದ ಬೆರಳಿಂದಲೇ ಪಟ್ಟಿಯ ತುದಿಯನ್ನು ಒತ್ತಿದ. ಅಲ್ಲಾಡಲಿಲ್ಲ. ಎರಡು ಬೆರಳು. ಇಲ್ಲ. ಸುತ್ತಲೂ ನೋಡಿ, ಕೆಮ್ಮಿ, ಮೂರನೆಯ ಬೆರಳನ್ನೂ ಸೇರಿಸಿದ. ಅವನ ಕತ್ತಿನ ನರ ಉಬ್ಬಿತೇ ಹೊರತು ಪಟ್ಟಿ ಕದಲಲಿಲ್ಲ.

"ತುಕ್ಕು ಹಿಡಿದಿರಬೇಕು" ಎಂದ.

ತಕ್ಕಡಿಯಪ್ಪ ಕಲ್ಲು ಒಂದೊಂದಾಗಿ ಏರಿಸಿದ. ನಾಲ್ಕು ಕೇಜಿ. ಬೀದಿ ಉಸಿರು ಹಿಡಿಯಿತು. ಐದು. ಆರು. ಈಗ ಗುಂಪೇ ಎಣಿಸತೊಡಗಿತು. ಏಳು! ಎಂಟನೆಯದನ್ನು ಇಟ್ಟಾಗ ಪಟ್ಟಿ ಬೇಸರದಿಂದ ಎಂಬಂತೆ ಮೆಲ್ಲಗೆ, ಒಂದೇ ಹದದಲ್ಲಿ, ಕೆಳಗಿಳಿಯಿತು.

"ಏಳು ಕೇಜಿ ತಡೆದಿದೆ" ಎಂದ, ಕಚೇರಿಯ ದನಿಯಲ್ಲಿ. "ಐದು ಇದ್ರೆ ಪಾಸು. ತುಕ್ಕಾಗಿದ್ರೆ ಹೀಗೆ ನುಣ್ಣಗೆ ಇಳೀತಿರಲಿಲ್ಲ. ಡಿಫರೆನ್ಷಿಯಲ್ ಸವೆದಿಲ್ಲ."

ಮಾವನವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಗಲ್ಲಕ್ಕೆ ಕೊಟ್ಟರು. ಹೆಂಡತಿ ಒಳಗೆ ಹೋಗಿ ಕುರ್ಚಿಯೊಂದನ್ನು ತಂದಳು. ಅದನ್ನು ಅಪ್ಪನಿಗಲ್ಲ, ಗಂಡನ ಹಿಂದೆ ಇಟ್ಟಳು.

"ಸವೆದಿಲ್ಲ ಅಂದ್ರೆ ಆ ಗರಗರ ಯಾಕೆ?" ಎಂದು ಷಡ್ಡಕ ಪಟ್ಟು ಬಿಡಲಿಲ್ಲ.

ಮಾವನವರು ನಿಧಾನವಾಗಿ ತಿರುಗಿದರು. "ಅದರ ಎಣ್ಣೆ ಯಾವಾಗ ಬದಲಾಯಿಸಿದ್ದು?"

ಆ ಪ್ರಶ್ನೆಗೆ ತಕ್ಕಡಿಯಪ್ಪ ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಷಡ್ಡಕನೇ ಎದೆ ಮುಂದೆ ಮಾಡಿದ. "ಎಣ್ಣೆ ವಿಷಯದಲ್ಲಿ ಯಾರೂ ಬೆರಳು ಮಾಡೋ ಹಾಗಿಲ್ಲ ಮಾವ! ಹೋದ ತಿಂಗಳು ಇವರು ಜ್ವರ ಅಂತ ಮಲಗಿದ್ದಾಗ ನಾನೇ ಗಾಡಿ ತಗೊಂಡು ಹೋಗಿ, ಎದುರಿಗೆ ನಿಂತು ಹಾಕಿಸಿದೀನಿ. ಇರೋದರಲ್ಲೇ ದುಬಾರಿ ಗೇರ್ ಎಣ್ಣೆ."

"ಮತ್ತೆ ಚಿಕ್ಕ ಬಾಟ್ಲು?"

"ಯಾವ ಚಿಕ್ಕ ಬಾಟ್ಲು?"

"ಪ್ಲೇಟುಗಳಿಗೆ ಅಂತ ಎಣ್ಣೆ ಜೊತೆ ಬೆರೆಸೋ ಔಷಧಿ. ಅದಿಲ್ದಿದ್ರೆ ಪ್ಲೇಟು ತಿರುವಿನಲ್ಲಿ ಜಾರದೆ ಕಚ್ಚಿ ಕಚ್ಚಿ ಬಿಡ್ತವೆ. ಗರಗರ ಅನ್ನದೆ ಇನ್ನೇನು ಹಾಡು ಹೇಳ್ತವಾ? ಇಷ್ಟು ವರ್ಷ ನಾನು ಬೆರೆಸ್ತಾ ಇರಲಿಲ್ವಾ? ನಿಮಗೆ ಹತ್ತು ಸಲ ಹೇಳಿದ್ನಲ್ಲ ದೊಡ್ಡಳಿಯಂದ್ರೇ!"

ಹೇಳಿದ್ದು ನಿಜವೇ. ಮಾವನವರು ಹೇಳಬೇಕಾದ್ದನ್ನೆಲ್ಲ ದೊಡ್ಡಳಿಯನಿಗೇ ಹೇಳುತ್ತಿದ್ದರು, ಕಿರಿಯವನಿಗೆ ಹೇಳಿ ಏನು ಪ್ರಯೋಜನವೆಂದು. ದೊಡ್ಡಳಿಯ ಎಲ್ಲ ತಿಳಿದವನಾದ್ದರಿಂದ ಕೇಳಿಸಿಕೊಂಡಿರಲಿಲ್ಲ. "ಜೋರಾಗಿ ಹೇಳಿದ್ರೆ ತಾನೇ…" ಎಂದು ಅವನು ಏನೋ ಗೊಣಗಿದ. ತಿರುವಿನಲ್ಲಿ ಕಾರು ಗೊಣಗುವ ಹಾಗೆಯೇ ಇತ್ತು.

ಚಕ್ರ ಮತ್ತೆ ತೊಡಿಸಿ ಕಾರನ್ನು ಒಯ್ದಾಗ ಗ್ಯಾರೇಜಿನ ಅಕ್ಕ ಭಾನುವಾರವೆಂದು ಬೈಯುತ್ತಲೇ ಬಾಗಿಲು ತೆಗೆದು ಹಳೆಯ ಎಣ್ಣೆ ಇಳಿಸಿ, ಹೊಸದಕ್ಕೆ ಚಿಕ್ಕ ಬಾಟಲಿಯನ್ನೂ ಸೇರಿಸಿ ತುಂಬಿದಳು. "ಹ್ಯಾಂಡ್ ಬ್ರೇಕ್ ಇಳಿಸಿ ಅಂತ ಹೇಳೋದ್ರೊಳಗೆ ಓಡಿಹೋದ್ರಲ್ಲ ಸಾರ್, ಈಗಲಾದ್ರೂ ಪೂರ್ತಿ ಕೇಳಿ" ಎಂದು ತಕ್ಕಡಿಯಪ್ಪನ ತೋಳು ಹಿಡಿದುಕೊಂಡಳು. "ಔಷಧಿ ಪ್ಲೇಟಿನ ಸಂದಿಗೆಲ್ಲ ಇಳೀಬೇಕು ಅಂದ್ರೆ ಬಯಲಲ್ಲಿ ನಿಧಾನಕ್ಕೆ ಎಂಟು ಹಾಕ್ಬೇಕು. ಸದ್ದು ನಿಲ್ಲೋವರೆಗೂ ಹಾಕ್ತಾನೇ ಇರಿ."

ಓಡಿಸಲು ತಕ್ಕಡಿಯಪ್ಪ, ಪಕ್ಕದಲ್ಲಿ ಮಾವನವರು, ಹಿಂದೆ ಅತ್ತೆ ಮತ್ತು ಹೆಂಡತಿ. ಪೆಟ್ಟಾಗದಿದ್ದರೂ ಪರಿಹಾರವೆಂಬಂತೆ ಅಂಗಡಿಯಣ್ಣನೂ ಹಿಂದೆಯೇ ತುರುಕಿಕೊಂಡ. ಊರ ಹೊರಗಿನ ಆಟದ ಬಯಲಿನಲ್ಲಿ ಹಸಿರು ಕಾರು ಎಂಟಿನ ಮೇಲೆ ಎಂಟು ಬರೆಯತೊಡಗಿತು. ಗರ್, ಕಟಕಟ. ಬಯಲಿನ ಅಂಚಿಗೆ ಬೀದಿಯ ಜನವೆಲ್ಲ ಬಂದು ನಿಂತರು. ಅವರ ಹಿಂದೆ ಗುಜರಿಯವನು ಕೈಗಾಡಿಯ ಸಮೇತ, ಇನ್ನೂ ಆಸೆ ಬಿಡದೆ.

ಇಷ್ಟು ಗುಂಪು ಕಂಡರೆ ಪೊಲೀಸು ಬಾರದಿರುತ್ತದೆಯೇ? ಟ್ರಾಫಿಕ್ ಪೇದೆಯೊಬ್ಬ ಶಿಳ್ಳೆ ಊದಿ ಕಾರನ್ನು ತಡೆದ.

"ಏನ್ರೀ, ಹಾಡಹಗಲೇ ಕುಡಿದು ಸುತ್ತಾ ಇದೀರಾ?"

"ಕುಡಿದಿಲ್ಲಪ್ಪಾ. ಔಷಧಿ ಇಳೀಲಿ ಅಂತ ಸುತ್ತಾ ಇದೀವಿ" ಎಂದರು ಮಾವನವರು.

"ಔಷಧಿ ಯಾರು ತಗೊಂಡಿದ್ದು? ಡ್ರೈವರಾ?"

"ಅಲ್ಲ, ಕಾರು."

ಪೇದೆ ಐವರ ಮುಖವನ್ನೂ ಒಂದೊಂದಾಗಿ ನೋಡಿದ. ಬಳಿಕ ಅಂಗಡಿಯಣ್ಣನನ್ನು ಒತ್ತರಿಸಿ ತಾನೂ ಹತ್ತಿ ಕೂತ. "ನಡೀರಿ. ಎಲ್ಲಿ ಸದ್ದು, ನಾನೂ ಕೇಳ್ತೀನಿ. ಸುಳ್ಳಾದ್ರೆ ಠಾಣೆಗೇ ಬಿಡಿ ಗಾಡಿ."

ಮತ್ತೊಂದು ಎಂಟು. ಗರ್. ಇನ್ನೊಂದು. ಗರ್ ಎನ್ನುವುದು ಗುರ್ ಆಯಿತು. ಪೇದೆ ಕಿವಿಗೆ ಕೈ ಕೊಟ್ಟು, "ಎಡಕ್ಕೆ ಹೋಗಿದೆ ಸಾರ್, ಬಲಕ್ಕೆ ಇನ್ನೂ ಸ್ವಲ್ಪ ಇದೆ. ಬಿಡಬೇಡಿ, ಹಾಕಿ ಹಾಕಿ!" ಎಂದು ಹುರಿದುಂಬಿಸಿದ. ಅತ್ತೆಗೆ ತಲೆ ಸುತ್ತುತ್ತಿತ್ತು, ಆದರೂ ನಿಲ್ಲಿಸಲು ಬಿಡಲಿಲ್ಲ. ಮತ್ತೂ ಕೆಲವು ಸುತ್ತಾಯಿತು. ಆಮೇಲೊಂದು ತಿರುವು ಬಂತು. ತಕ್ಕಡಿಯಪ್ಪ ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಿದ. ಏನೂ ಕೇಳಿಸಲಿಲ್ಲ. ಇನ್ನೊಂದು ಕಡೆಗೆ ತಿರುಗಿಸಿದ. ಅಲ್ಲಿಯೂ ಇಲ್ಲ. ಕಾರಿನೊಳಗೆ ಅಂಗಡಿಯಣ್ಣನ ಉಸಿರಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಹೋಯ್ತು!" ಎಂದು ಮೊದಲು ಕೂಗಿದ್ದು ಹೆಂಡತಿ. ಪೇದೆ ಕಿಟಕಿಯಿಂದ ಕೈ ಹೊರಹಾಕಿ ಬೀಸಿದ. ಅಂಚಿನಲ್ಲಿದ್ದ ಜನ ಕೇಕೆ ಹಾಕಿದರು. ತಕ್ಕಡಿಯಪ್ಪನಿಗೆ ತಾನು ಇಷ್ಟು ಹಗುರವಾಗಿ ಎಂದೂ ಇರಲಿಲ್ಲ ಎನ್ನಿಸಿತು. ಎಷ್ಟು ಹಗುರ ಎಂದು ಲೆಕ್ಕ ಕೇಳುವುದು ಅವನಿಗೂ ಮರೆತುಹೋಯಿತು.

ಷಡ್ಡಕನಿಗೆ ಇದನ್ನು ನೋಡಿಕೊಂಡು ಅಂಚಿನಲ್ಲಿ ನಿಲ್ಲಲಾಗಲಿಲ್ಲ. "ಹತ್ತಿರದಿಂದ ಕೇಳಿದ್ರೆ ಗೊತ್ತಾಗುತ್ತೆ, ಸದ್ದು ಇನ್ನೂ ಇದೆ" ಎಂದು ತನ್ನ ಬಿಳಿ ಕಾರನ್ನು ಬಯಲಿಗಿಳಿಸಿದ. ಹುಲ್ಲು ಬೆಳೆಯಲೆಂದು ನೀರು ಬಿಟ್ಟಿದ್ದ ಮೂಲೆ ಅವನಿಗೆ ಹುಲ್ಲಾಗಿಯೇ ಕಂಡಿತು. ಒಂದು ಚಕ್ರ ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿತು. ಇನ್ನೊಂದು ಕೆಸರಲ್ಲಿ ಗಿರಗಿರನೆ ತಿರುಗಿ, ಬಿಳಿ ಕಾರಿನ ಒಂದು ಮಗ್ಗುಲನ್ನು ಕಂದು ಮಾಡಿತು. ಅವನು ಒತ್ತಿದಷ್ಟೂ ಅದು ತಿರುಗಿತು, ಕಾರು ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಗುಜರಿಯವನು ಹೊಸ ಆಸೆಯಿಂದ ಕೈಗಾಡಿಯನ್ನು ಅತ್ತ ತಿರುಗಿಸಿದ.

ಯಾರೂ ಏನೂ ಹೇಳುವ ಮೊದಲೇ ತಕ್ಕಡಿಯಪ್ಪ ಹಸಿರು ಕಾರನ್ನು ಅದೇ ಕೆಸರಿಗೆ ಇಳಿಸಿದ. ಒಂದು ಚಕ್ರ ಜಾರಿತು. ಇನ್ನೊಂದು ನೆಲ ಕಚ್ಚಿ ಹಿಡಿಯಿತು. ಆರು ಜನರನ್ನು ಹೊತ್ತ ಹಳೆಯ ಕಾರು ಕೆಸರನ್ನು ಸೀಳಿಕೊಂಡು ಹೋಗಿ ಬಿಳಿ ಕಾರಿನ ಮುಂದೆ ನಿಂತಿತು. ಪೇದೆ ಇಳಿದು ಹಗ್ಗ ಕಟ್ಟಿದ. ಷಡ್ಡಕ ಗಾಜು ಏರಿಸಿಕೊಂಡು ನೇರ ಮುಂದೆ ನೋಡುತ್ತ ಕೂತಿದ್ದ. ತಕ್ಕಡಿಯಪ್ಪ ಕ್ಲಚ್ಚು ಬಿಟ್ಟ. ಹಗ್ಗ ಬಿಗಿಯಿತು. ಬಿಳಿ ಕಾರು ಒಮ್ಮೆ ಮೂತಿ ಎತ್ತಿ, ಸದ್ದಿಲ್ಲದೆ ಹಿಂದೆ ಬರತೊಡಗಿತು. ಬಯಲೆಲ್ಲ ಶಿಳ್ಳೆ.

ಮಾವನವರು ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ತಕ್ಕಡಿಯಪ್ಪನ ತೋಳಿನ ಮೇಲೆ ಕೈಯಿಟ್ಟರು.

"ನಿಧಾನಕ್ಕೆ ಎಳೀರಿ ಅಳಿಯಂದ್ರೇ. ಎಷ್ಟಾದ್ರೂ ಅವನೂ ನನ್ನ ಅಳಿಯನೇ."